ಹುಣಸೆ ಬೀಜದ ಸಂತೆ: ಐದು ಭಾನುವಾರ ಮುಗಿಯಿತು

ಮಂಡ್ಯದ ನಮ್ಮ ಬೀದಿಯ 11 ಮಕ್ಕಳನ್ನು ಸೇರಿಸಿಕೊಂಡು ಭಾನುವಾರ ಬೆಳಿಗ್ಗೆ ತಾರಸಿ ಮೇಲೆ ಪುಟ್ಟ ಸಂತೆ ನಡೆಸುತ್ತಿದ್ದೇನೆ. ಎಲ್ಲರೂ 8ರಿಂದ 12 ವರ್ಷದವರು. ಒಂದು ವಸ್ತು ತಯಾರಾಗಲು ಏನೇನು ಬೇಕು, ಅದಕ್ಕೆ ಬೆಲೆ ಹೇಗೆ ಬರುತ್ತದೆ ಅನ್ನೋದನ್ನು ಅವರ ಕೈಯಿಂದಲೇ ಮಾಡಿಸಿ ತೋರಿಸಬೇಕು ಅನ್ನೋದು ನನ್ನ ಆಸೆ.

ಮೊದಲ ವಾರ ದುಡ್ಡೇ ಇಲ್ಲ. ಮನೆಯಿಂದ ಒಂದೊಂದು ವಸ್ತು ತನ್ನಿ, ಬದಲಾಯಿಸಿಕೊಳ್ಳಿ ಅಂದೆ. ಶುರು ಮಾಡುವ ಮೊದಲು, ನಿಮ್ಮ ವಸ್ತು ನಿಮಗೆ ಎಷ್ಟು ಇಷ್ಟ, 10ಕ್ಕೆ ಅಂಕ ಕೊಡಿ ಎಂದು ಬರೆಸಿಕೊಂಡೆ. ಸೀಬೆಹಣ್ಣು ತಂದವಳಿಗೆ ಬಣ್ಣದ ಪೆನ್ಸಿಲ್ ಬೇಕು. ಪೆನ್ಸಿಲ್ ಇದ್ದವನಿಗೆ ಬುಗುರಿ ಬೇಕು. ಬುಗುರಿ ಇದ್ದವನಿಗೆ ಸೀಬೆಹಣ್ಣು ಬೇಡವೇ ಬೇಡ. ಮುಕ್ಕಾಲು ಗಂಟೆ ಓಡಾಡಿದರು. ಕೊನೆಗೆ ಒಬ್ಬಳು, "ಆಂಟಿ, ಎಲ್ರೂ ಬೇಡ ಅನ್ನದೇ ಇರೋದು ಒಂದಿದ್ರೆ ಸುಲಭ ಅಲ್ವಾ?" ಅಂದಳು. ದುಡ್ಡು ಯಾಕೆ ಹುಟ್ಟಿತು ಎಂದು ನಾನು ಹೇಳಬೇಕಿದ್ದ ಮಾತನ್ನು ಅವಳೇ ಹೇಳಿಬಿಟ್ಟಳು.

ಮುಗಿದ ಮೇಲೆ ಮತ್ತೆ ಅಂಕ ಕೇಳಿದೆ. ಮೊದಲು ಎಲ್ಲರದ್ದೂ ಕೂಡಿ 46 ಇತ್ತು, ಈಗ 73. ಹೊಸ ವಸ್ತು ಒಂದೂ ಬಂದಿಲ್ಲ. ಇದ್ದದ್ದೇ ಅತ್ತಿಂದಿತ್ತ ಹೋಗಿ, ಬೇಕಾದವರ ಹತ್ತಿರ ಸೇರಿತು. ಬದಲಾಯಿಸಿಕೊಂಡರೆ ಒಬ್ಬರು ಗೆದ್ದು ಇನ್ನೊಬ್ಬರು ಮೋಸ ಹೋಗುತ್ತಾರೆ ಎಂದೇ ಮಕ್ಕಳು ನಂಬಿದ್ದರು. ಆ 73 ನೋಡಿ ಅವರಿಗೂ ಆಶ್ಚರ್ಯವಾಯಿತು.

ಎರಡನೇ ವಾರ ತಲೆಗೆ 20 ಹುಣಸೆ ಬೀಜ ಹಂಚಿದೆ. ಅದೇ ದುಡ್ಡು. ವ್ಯಾಪಾರ ಸಲೀಸಾಗಿ ನಡೆಯಿತು.

ಮೂರನೇ ವಾರ ಗಲಾಟೆ. ಒಬ್ಬ ಹುಡುಗ ಜೇಬಿನ ತುಂಬ ಬೀಜ ತಂದಿದ್ದ. ಅವರ ಮನೆಯಲ್ಲಿ ಅಜ್ಜಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆದಿದ್ದರಂತೆ. ಹಿಂದಿನ ವಾರ 3 ಬೀಜಕ್ಕೆ ಸಿಗುತ್ತಿದ್ದ ಕಡ್ಲೆಮಿಠಾಯಿಗೆ ಅವನು 5 ಕೊಡುತ್ತೇನೆ ಅಂದ. ಬೀಜವನ್ನು ಗೆಳೆಯರಿಗೂ ಹಂಚಿದ್ದನಲ್ಲ, ಅವರು 7 ಅಂದರು. ಹತ್ತೇ ನಿಮಿಷದಲ್ಲಿ ಬೆಲೆ 9 ಆಯಿತು. ಪಾಪ, ಒಬ್ಬಳು 14 ಬೀಜ ಉಳಿಸಿಟ್ಟುಕೊಂಡು ಬಂದಿದ್ದಳು. ನಾಲ್ಕು ಮಿಠಾಯಿ ಕೊಳ್ಳೋಣ ಅಂದುಕೊಂಡಿದ್ದವಳಿಗೆ ಒಂದೇ ಸಿಕ್ಕಿತು. ಅವಳು ಅತ್ತೇಬಿಟ್ಟಳು.

ನಾನು ಹುಡುಗನನ್ನು ಬೈಯಲಿಲ್ಲ. "ಬೀಜ ಜಾಸ್ತಿ ಆಯ್ತು. ಮಿಠಾಯಿ ಜಾಸ್ತಿ ಆಯ್ತಾ?" ಎಂದಷ್ಟೇ ಕೇಳಿದೆ. ಎಲ್ಲರೂ ಸುಮ್ಮನಾದರು. ಆಮೇಲೆ ಒಂದು ನೋಟು ಕೊಟ್ಟೆ. ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯದು ಕನ್ನಡ, ಅದನ್ನು ಹುಡುಕಿ ಓದಿದರು. ನಮ್ಮ ಪಕ್ಕದ ಮೈಸೂರಿನಲ್ಲೇ ನೋಟು ಅಚ್ಚು ಹಾಕುವ ಮುದ್ರಣಾಲಯವಿದೆ, ಅದನ್ನು ನಡೆಸಲು ರಿಸರ್ವ್ ಬ್ಯಾಂಕ್ 1995ರಲ್ಲಿ ಬೇರೆ ಕಂಪನಿಯನ್ನೇ ಕಟ್ಟಿತು ಎಂದೆ. "ಹಾಗಾದ್ರೆ ಜಾಸ್ತಿ ಅಚ್ಚು ಹಾಕಿ ಎಲ್ರಿಗೂ ಕೊಡಬಹುದಲ್ವಾ?" ಎಂದು ಒಬ್ಬ ಕೇಳಿದ. ಅತ್ತಿದ್ದ ಹುಡುಗಿಯೇ, "ಬೇಡ, ಆಗ ಮಿಠಾಯಿ 9 ಆಗುತ್ತೆ" ಅಂದಳು. ಹೊರಗಿನ ಬೀಜ ಬೆರೆಯದಿರಲಿ ಎಂದು ಈಗ ನಮ್ಮ ಬೀಜಗಳಿಗೆ ಉಗುರುಬಣ್ಣದ ಚುಕ್ಕೆ ಇಡುತ್ತಿದ್ದೇನೆ.

ನಾಲ್ಕನೇ ವಾರ ನಿಜವಾದ ದುಡ್ಡು. ಮೂವರು ನಿಂಬೆ ಪಾನಕ ಮಾಡಿ ಗೇಟಿನ ಮುಂದೆ ಮಾರಿದರು. ಲೋಟಕ್ಕೆ 5 ರೂಪಾಯಿಯಂತೆ 26 ಲೋಟ ಹೋಯಿತು. "130 ಲಾಭ!" ಎಂದು ಕುಣಿದರು. ಕೂತು ಲೆಕ್ಕ ಬರೆಸಿದೆ. ನಿಂಬೆಹಣ್ಣು 50, ಸಕ್ಕರೆ 23, ಪೇಪರ್ ಲೋಟ 30. ಉಳಿದದ್ದು 27, ತಲೆಗೆ 9. "ಎರಡು ಗಂಟೆ ಬಿಸಿಲಲ್ಲಿ ನಿಂತಿದ್ದಕ್ಕೆ ಒಂಬತ್ತೇ ರೂಪಾಯಾ?" ಅಮ್ಮ ಕೊಟ್ಟ ಐಸು, ಏಲಕ್ಕಿ ಲೆಕ್ಕಕ್ಕೆ ಸೇರಿಸಿದ್ದರೆ ಇನ್ನೂ ಕಡಿಮೆ. ಕೊಳ್ಳುವವರಾಗಿ 5 ರೂಪಾಯಿ ಜಾಸ್ತಿ ಅನ್ನುತ್ತಿದ್ದ ಮಕ್ಕಳೇ ಮಾಡುವವರಾದಾಗ ಕಡಿಮೆ ಅಂದರು. ನನಗೆ ಬೇಕಾಗಿದ್ದದ್ದು ಇದೇ.

ಅದಕ್ಕೇ ಐದನೇ ವಾರ ಪಾಂಡವಪುರದ ಕಡೆ ಒಂದು ಆಲೆಮನೆಗೆ ಕರೆದುಕೊಂಡು ಹೋದೆ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಸುಣ್ಣ ಹಾಕಿ ಕೊಳೆ ತೆಗೆಯುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಒಲೆಗೆ ಹಾಕುತ್ತಿದ್ದದ್ದು ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆ. ಸೌದೆ ಖರ್ಚು ಉಳಿಯಿತು ಎಂದು ಪಾನಕದ ಹುಡುಗಿ ತಕ್ಷಣ ಪುಸ್ತಕದಲ್ಲಿ ಬರೆದುಕೊಂಡಳು. ಒಂದು ಟನ್ ಕಬ್ಬಿಗೆ ಹೆಚ್ಚೂಕಡಿಮೆ 100 ಕಿಲೊ ಬೆಲ್ಲ. ಆ ಕಬ್ಬು ಬೆಳೆಯಲು ಸುಮಾರು ಒಂದು ವರ್ಷ.

ನಮ್ಮ ಗುಂಪಿನಲ್ಲಿ ಒಬ್ಬನ ಅಪ್ಪ ಕಬ್ಬು ಬೆಳೆಯುತ್ತಾರೆ. ಅವನೇ ಎಲ್ಲರಿಗೂ ಹೇಳಿದ: ಕಡಿದ ಕಬ್ಬನ್ನು ಇಟ್ಟುಕೊಂಡು ಕೂರೋಕಾಗಲ್ಲ, ಒಣಗಿ ತೂಕ ಇಳಿಯುತ್ತೆ, ಸಿಹಿಯೂ ಹೋಗುತ್ತೆ. ಬೆಲ್ಲವಾದರೆ ಇಟ್ಟು ಮಾರಬಹುದು. ಕಾಯಲು ಆಗುವವರಿಗೂ ಆಗದವರಿಗೂ ಒಂದೇ ಬೆಲೆ ಸಿಗುವುದಿಲ್ಲ ಅನ್ನೋದನ್ನು ನಾನು ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಪ್ರಶ್ನೆ ಬಂತು: "ಕಬ್ಬಿನ ಬೆಲೆ ಹೇಳೋದು ಯಾರು ಆಂಟಿ?" ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿಗೆ ಕೇಂದ್ರ ಸರ್ಕಾರ ಪ್ರತಿ ವರ್ಷ ಎಫ್‌ಆರ್‌ಪಿ ಎಂಬ ಬೆಲೆ ಗೊತ್ತು ಮಾಡುತ್ತದೆ, ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಆಲೆಮನೆಗೆ ಹೋಗುವ ಕಬ್ಬಿನ ಬೆಲೆ ಮಾತುಕತೆಯಲ್ಲೇ ತೀರ್ಮಾನ. ಇಷ್ಟು ಹೇಳಿದೆ, ಅವರಿಗೆ ಸಾಲಲಿಲ್ಲ.

ಬರುವ ವಾರ ಅದನ್ನೇ ಆಡಿಸುತ್ತೇನೆ. ಆರು ಜನ ಕಬ್ಬಿನವರು, ಐದು ಜನ ಆಲೆಮನೆಯವರು. ಕಬ್ಬಿನ ಚೀಟಿಯ ಬೆಲೆ ಐದೈದು ನಿಮಿಷಕ್ಕೆ ಒಂದೊಂದು ಬೀಜ ಇಳಿಯುತ್ತದೆ, ಬೆಲ್ಲದ ಚೀಟಿಯದ್ದು ಇಳಿಯುವುದಿಲ್ಲ. ಅರ್ಧ ಹೊತ್ತಾದ ಮೇಲೆ ಜಾಗ ಅದಲು ಬದಲು. ಚೀಟಿ ಕತ್ತರಿಸಿ ಇಟ್ಟಿದ್ದೇನೆ. ಬೀಜಗಳಿಗೆ ಚುಕ್ಕೆ ಇಡುವ ಕೆಲಸ ಇನ್ನೂ ಅರ್ಧ ಬಾಕಿ.