ಫೀಸು ಹೇಗೋ ಕಟ್ಟಬಹುದು, ರೂಮಿನ ಬಾಡಿಗೆ?

ಅಕ್ಕನ ಮಗ ದಾವಣಗೆರೆಯಲ್ಲಿ ಸೆಕೆಂಡ್ ಪಿಯು ಮುಗಿಸಿ, ಓದಿದರೆ ಅಮೆರಿಕಾದಲ್ಲೇ ಅಂತ ಹಟ ಹಿಡಿದು ಕೂತ. ಭಾವ ನನಗೆ ಫೋನ್ ಮಾಡಿದರು. "ನೋಡಮ್ಮ, ನಾಲ್ಕು ವರ್ಷ ಯೂನಿವರ್ಸಿಟಿ ಫೀಸು ಕಟ್ಟೋ ಶಕ್ತಿ ನನಗಿಲ್ಲ. ಕಡಿಮೆ ಖರ್ಚಿನ ದಾರಿ ಏನಾದ್ರೂ ಇದ್ರೆ ಹೇಳು."

ನಾವಿರುವುದು ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿ, ಸ್ಯಾಕ್ರಮೆಂಟೊ ಹತ್ತಿರ. ಇಲ್ಲಿ ಕಡಿಮೆ ಖರ್ಚು ಅಂದರೆ ಕಮ್ಯುನಿಟಿ ಕಾಲೇಜು. ಎರಡು ವರ್ಷ ಅಲ್ಲಿ ಓದಿ ಮೂರನೇ ವರ್ಷಕ್ಕೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗುವುದು. ಡಿಗ್ರಿ ಸಿಗುವುದು ಯೂನಿವರ್ಸಿಟಿ ಹೆಸರಲ್ಲೇ. ರಾಜ್ಯದಲ್ಲಿ ಇಂಥ ಕಾಲೇಜು 116 ಇವೆ. ಇಲ್ಲಿ ಫೀಸನ್ನು ಯೂನಿಟ್, ಅಂದರೆ ಪಾಠದ ಅಳತೆಯ ಮೇಲೆ ಕಟ್ಟುತ್ತಾರೆ; ಸೆಮಿಸ್ಟರ್ ಲೆಕ್ಕದ ಕಾಲೇಜುಗಳಲ್ಲಿ ಇಲ್ಲಿಯವರಿಗೆ ಯೂನಿಟ್‌ಗೆ 46 ಡಾಲರ್. ನನ್ನ ಮಗಳು ನಾಳೆ ಸೇರಿದರೆ ಒಂದು ಸೆಮಿಸ್ಟರಿನ 12 ಯೂನಿಟ್‌ಗೆ 552 ಡಾಲರ್ ಆಗುತ್ತದೆ ಅಷ್ಟೆ. ಅಕ್ಕನ ಮಗ ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಬರುವವನು, ಅವನಿಗೆ ಅದರ ಹಲವು ಪಟ್ಟು. ಆದರೂ ಯೂನಿವರ್ಸಿಟಿಗಿಂತ ಎಷ್ಟೋ ವಾಸಿ.

ಹುಡುಗ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದ. ಕೂಪರ್ಟಿನೊದ ಡಿ ಆಂಜಾ ಕಾಲೇಜು. ಕಾರಣ? ಆಪಲ್ ಆಫೀಸು ಪಕ್ಕದಲ್ಲೇ ಇದೆ, ಜೊತೆಗೆ ಓದಿದ ಒಬ್ಬ ಹುಡುಗ ಅಲ್ಲೇ ಇದ್ದಾನೆ. 1984ರಲ್ಲಿ ಸ್ಟೀವ್ ಜಾಬ್ಸ್ ಮ್ಯಾಕಿಂಟಾಷ್ ತೋರಿಸಿದ್ದು ಅದೇ ಕ್ಯಾಂಪಸ್ಸಿನ ಸಭಾಂಗಣದಲ್ಲಿ ಅಂತ ನನಗೇ ಪಾಠ ಮಾಡಿದ. ಆ ಸಭಾಂಗಣ 2019ರಲ್ಲೇ ಮುಚ್ಚಿತಪ್ಪ ಅಂದರೆ ಕೇಳಬೇಕಲ್ಲ. ಕಾಲೇಜೇನೋ ಒಳ್ಳೆಯದೇ, ಅದರಲ್ಲಿ ತಕರಾರಿಲ್ಲ. ಆದರೆ ಕ್ಯಾಂಪಸ್ಸಿನಲ್ಲಿ ಹಾಸ್ಟೆಲ್ ಇಲ್ಲ. ಇಲ್ಲಿನ ಬಹುಪಾಲು ಕಮ್ಯುನಿಟಿ ಕಾಲೇಜುಗಳ ಕಥೆ ಅದೇ. ದಕ್ಷಿಣದ ಆರೆಂಜ್ ಕೋಸ್ಟ್ ಕಾಲೇಜು 2020ರಲ್ಲಿ ದೊಡ್ಡ ಹಾಸ್ಟೆಲ್ ತೆರೆದಿದೆ, ಹಾಗೆ ಅಲ್ಲೊಂದು ಇಲ್ಲೊಂದು. ಲಾಂಗ್ ಬೀಚ್ ಸಿಟಿ ಕಾಲೇಜಿನಲ್ಲಂತೂ ಮನೆಯಿಲ್ಲದ ವಿದ್ಯಾರ್ಥಿಗಳು ರಾತ್ರಿ ತಮ್ಮ ಕಾರಿನಲ್ಲೇ ಮಲಗಲಿ ಅಂತ 2021ರಲ್ಲಿ ಪಾರ್ಕಿಂಗ್ ಕಟ್ಟಡವನ್ನೇ ಬಿಟ್ಟುಕೊಟ್ಟರು. ಇದನ್ನು ಭಾವನಿಗೆ ಹೇಳಲಿಲ್ಲ.

ಸರಿ, ಒಂದು ಶನಿವಾರ ಬೆಳಿಗ್ಗೆ ಎದ್ದು ಕೂಪರ್ಟಿನೊಗೆ ಕಾರು ಓಡಿಸಿದೆ. ಅಲ್ಲಿ ಹನ್ನೊಂದು ಗಂಟೆ ಅಂದರೆ ದಾವಣಗೆರೆಯಲ್ಲಿ ರಾತ್ರಿ ಹನ್ನೊಂದೂವರೆ. ವಾಟ್ಸಾಪ್ ವಿಡಿಯೋದಲ್ಲಿ ಅಕ್ಕ, ಭಾವ, ಹುಡುಗ ಮೂವರೂ ಒಂದೇ ಹಾಸಿಗೆ ಮೇಲೆ ಕೂತಿದ್ದರು.

ಮೊದಲು ನೋಡಿದ ರೂಮು ಚೆನ್ನಾಗಿತ್ತು, ತಿಂಗಳಿಗೆ 1,450 ಡಾಲರ್. ಭಾವ ಫೋನಿನಲ್ಲೇ ರೂಪಾಯಿಗೆ ಗುಣಿಸಿ ಸುಮ್ಮನಾದರು. ಇನ್ನೊಂದು ಮನೆಯವರು ತೋರಿಸುವ ಮೊದಲೇ ದುಡ್ಡು ಹಾಕಿ ಅಂದರು. ಅಲ್ಲಿಗೆ ಹೋಗಲೇ ಇಲ್ಲ.

ಆಮೇಲೆ ಸಿಕ್ಕಿದ್ದು 1,100ರದ್ದು. ಮನೆಯೊಡತಿ ಪಕ್ಕದ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದರು. ಹೊಸ ಬಣ್ಣ, ಹೊಸ ಕಾರ್ಪೆಟ್, ಒಂದು ಮಂಚ, ಒಂದು ಮೇಜು. ಏನೋ ಸರಿಯಿಲ್ಲ ಅನ್ನಿಸಿತು. ತಲೆ ಎತ್ತಿ ನೋಡಿದರೆ ಛಾವಣಿಗೆ ತಾಗಿಕೊಂಡು ಎರಡು ಕಬ್ಬಿಣದ ಹಳಿ. ಗ್ಯಾರೇಜಿನ ಶಟರ್ ಓಡುವ ಹಳಿ! ಶಟರ್ ಇನ್ನೂ ಅಲ್ಲೇ ಇತ್ತು, ಅದರ ಮುಂದೆ ಹಲಗೆ ಹೊಡೆದು ಗೋಡೆ ಮಾಡಿದ್ದರು. ಮೂಲೆಯಲ್ಲಿ ಪರದೆ ಹಿಂದೆ ಇಡೀ ಮನೆಯ ನೀರು ಕಾಯಿಸುವ ಗ್ಯಾಸ್ ಹೀಟರ್ ಗುಂಯ್‌ಗುಡುತ್ತಿತ್ತು.

"ಚಿಕ್ಕಮ್ಮ, ಕಿಟಕಿ ತೋರ್ಸು" ಅಂದ ಹುಡುಗ.

ಕಿಟಕಿಯೇ ಇರಲಿಲ್ಲ. ಮಲಗುವ ಕೋಣೆಗೆ ಬೆಂಕಿ ಬಿದ್ದರೆ ಹೊರಗೆ ಹಾರುವಷ್ಟು ದೊಡ್ಡ ಕಿಟಕಿಯೋ ಬಾಗಿಲೋ ಇರಬೇಕು ಅನ್ನುವುದು ಇಲ್ಲಿನ ಕಟ್ಟಡ ನಿಯಮ. ಆಕೆಯನ್ನು ಕೇಳಿದರೆ "ಎಸಿ ಇದೆಯಲ್ಲ" ಅಂದರು.

ಬಾಗಿಲ ಹಿಂದೆ ನಿಯಮಗಳ ಒಂದು ಹಾಳೆ ಅಂಟಿಸಿದ್ದರು. ಬಟ್ಟೆ ಒಗೆಯುವುದು ಭಾನುವಾರ ಮಾತ್ರ. ಫ್ರಿಜ್ಜಿನಲ್ಲಿ ಕೆಳಗಿನ ಒಂದೇ ಖಾನೆ. ರಾತ್ರಿ ಎಂಟರ ಮೇಲೆ ಅಡುಗೆಮನೆಗೆ ಬರಬಾರದು. ಅಡುಗೆ ಹಗುರವಾಗಿರಬೇಕು. ಹಗುರ ಅಂದರೆ ಏನು ಅಂದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿಕೊಳ್ಳಬಹುದು, ಎಣ್ಣೆ ಹೊಗೆ ಆಗಬಾರದು ಅಂದರು. ಒಗ್ಗರಣೆ ಇಲ್ಲ ಅಂತಾಯಿತು. ಅಕ್ಕನ ಮುಖ ನೋಡಬೇಕಿತ್ತು. ಅಲ್ಲಿಯವರೆಗೆ ಕಿಟಕಿ ಬಗ್ಗೆ ತುಟಿ ಪಿಟಕ್ಕೆನ್ನದೆ ಇದ್ದವಳು ಈಗ "ಬೇಡ, ಅಲ್ಲಿಂದ ಎದ್ದು ಬಾ" ಅಂದಳು.

ಅಡ್ವಾನ್ಸ್ ಮೂರು ತಿಂಗಳದ್ದು ಕೇಳಿದರು. 2024ರ ಜುಲೈಯಿಂದ ಇಲ್ಲಿ ಸಾಮಾನ್ಯವಾಗಿ ಒಂದೇ ತಿಂಗಳ ಬಾಡಿಗೆಯಷ್ಟು ತೆಗೆದುಕೊಳ್ಳಬಹುದು. ಒಂದೆರಡು ಮನೆ ಇಟ್ಟುಕೊಂಡ ಸಣ್ಣ ಮಾಲೀಕರಾದರೆ ಎರಡು ತಿಂಗಳು. ನಾನು ಕಾನೂನು ಹೇಳಲು ಬಾಯಿ ತೆರೆದರೆ, ಫೋನಿನಲ್ಲಿ ಭಾವ "ಮೂರೇ ತಿಂಗಳಾ? ಬೆಂಗಳೂರಲ್ಲಿ ಹತ್ತು ಕೇಳ್ತಿದ್ರಲ್ಲ" ಅಂತ ಖುಷಿಪಟ್ಟರು. ನಾನೇನು ಮಾತಾಡಲಿ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಎಲ್ಲರೂ ಕಾಲೇಜಿನ ಫೀಸನ್ನೇ ಹೋಲಿಸಿ ನೋಡುತ್ತಾರೆ, ನಾವೂ ಹಾಗೇ ಶುರು ಮಾಡಿದ್ದೆವು. ಆದರೆ ಕಾಲೇಜಿಂದ ಕಾಲೇಜಿಗೆ ಜಾಸ್ತಿ ಏರುಪೇರಾಗುವುದು ತಲೆಯ ಮೇಲಿನ ಸೂರಿನ ಖರ್ಚು. ಎಫ್-1ನವರು ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಅದೂ ಸಿಕ್ಕಿದರೆ. ವೀಸಾಕ್ಕೆ ಬೇಕಾದ ಐ-20 ಅನ್ನುವ ಪತ್ರ ಕೊಡುವ ಮೊದಲು ಕಾಲೇಜಿನವರು ಫೀಸಿನ ಜೊತೆ ಊಟ ವಸತಿಯ ಖರ್ಚಿಗೂ ಬ್ಯಾಂಕಿನಲ್ಲಿ ದುಡ್ಡು ತೋರಿಸಿ ಅನ್ನುತ್ತಾರೆ. ಇನ್ನೊಂದು ಮಾತು ಏಜೆಂಟರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟ್ರಾನ್ಸ್‌ಫರ್ ಆದಮೇಲೂ ಇವನು ಹೊರಗಿನವನೇ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಬರೀ ಹೊರಗಿನವರ ಹೆಚ್ಚುವರಿ ಶುಲ್ಕವೇ ವರ್ಷಕ್ಕೆ 30,000 ಡಾಲರ್ ದಾಟುತ್ತದೆ. ಉಳಿತಾಯ ಏನಿದ್ದರೂ ಮೊದಲ ಎರಡು ವರ್ಷದಲ್ಲೇ ಆಗಬೇಕು. ಆ ಉಳಿತಾಯವನ್ನು ಗ್ಯಾರೇಜಿಗೆ ಸುರಿದರೆ ಏನು ಬಂತು?

ಮರುದಿನ ನಮ್ಮ ಕಡೆಯೇ ನೋಡಿದೆ. 1916ರ ಸ್ಯಾಕ್ರಮೆಂಟೊ ಸಿಟಿ ಕಾಲೇಜು. ಪಕ್ಕದಲ್ಲೇ ಲೈಟ್ ರೈಲ್ ನಿಲ್ದಾಣ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳೇ ಮನೆ, ಒಳಗೆ ಇಬ್ಬರು ವಿದ್ಯಾರ್ಥಿಗಳು, ಖಾಲಿ ರೂಮಿಗೆ 780. ಎರಡು ಕಿಟಕಿ. ನೆಲ ಸ್ವಲ್ಪ ಕಿರ್ರನ್ನುತ್ತದೆ. ಕುಕ್ಕರ್ ಕೂಗಿದರೆ ತೊಂದರೆಯೇ ಅಂತ ಅಕ್ಕ ಕೇಳಿಸಿದಳು. ಮನೆಯ ಯಜಮಾನರು ನಕ್ಕು, ನನಗೂ ಒಂದು ತಟ್ಟೆ ಕೊಟ್ಟರೆ ಸಾಕು ಅಂದರು.

ಟ್ರಾನ್ಸ್‌ಫರ್ ದಾರಿ ಎರಡು ಕಾಲೇಜಿಗೂ ಒಂದೇ. ಡೇವಿಸ್, ಇರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಈ ಆರು ಕ್ಯಾಂಪಸ್ಸುಗಳು ಹೇಳಿದ ಅಂಕ, ಹೇಳಿದ ವಿಷಯ ಮುಗಿಸಿದವರಿಗೆ ಸೀಟಿನ ಖಾತ್ರಿ ಕೊಡುತ್ತವೆ. ಎಲ್ಲ ಕೋರ್ಸಿಗೂ ಇಲ್ಲ. ಬರ್ಕ್ಲಿ, ಯುಸಿಎಲ್‌ಎ ಆ ಪಟ್ಟಿಯಲ್ಲೇ ಇಲ್ಲ, ಯಾವ ಕಾಲೇಜಿಂದ ಹೋದರೂ. ಯಾವ ಪಾಠ ಎಲ್ಲಿ ಲೆಕ್ಕಕ್ಕೆ ಬರುತ್ತದೆ ಅಂತ ಅಸಿಸ್ಟ್ ವೆಬ್‌ಸೈಟಿನಲ್ಲಿ ಒಂದೊಂದಾಗಿ ನೋಡಬಹುದು. ಹುಡುಗನನ್ನೇ ಕೂರಿಸಿ ನೋಡಿಸಿದೆ. ಡೇವಿಸ್ ಅಂತೂ ಸ್ಯಾಕ್ರಮೆಂಟೊದಿಂದ 25 ಕಿಲೋಮೀಟರ್ ಆಸುಪಾಸು.

ಅವನ ಮನಸ್ಸು ಇನ್ನೂ ಕೂಪರ್ಟಿನೊದಲ್ಲೇ ಇದೆ. "ಆಪಲ್ ಪಕ್ಕ ಇರ್ತಿದ್ದೆ ಚಿಕ್ಕಮ್ಮ" ಅಂತ ನಿನ್ನೆಯೂ ರಾಗ ಎಳೆದ. ಅಲ್ಲಿ ಕಿಟಕಿಯಿರುವ ರೂಮು ಬೇಕಾದರೆ ಇಲ್ಲಿಗಿಂತ ತಿಂಗಳಿಗೆ 670 ಡಾಲರ್ ಜಾಸ್ತಿ ಆಗುತ್ತದೆ, ಅದನ್ನು ನಿಮ್ಮಪ್ಪನ ಹತ್ತಿರ ನೀನೇ ಕೇಳು ಅಂದೆ. ಇನ್ನೂ ಕೇಳಿಲ್ಲ. ಭಾವ ಬ್ಯಾಂಕ್ ಸ್ಟೇಟ್‌ಮೆಂಟ್ ಸ್ಕ್ಯಾನ್ ಮಾಡಿ ಕಳಿಸಿದ್ದಾರೆ, ಅರ್ಜಿ ಸ್ಯಾಕ್ರಮೆಂಟೊಗೆ ಹೋಗಿದೆ.