ನರದ ಮೇಲಿನ ಕೊಬ್ಬು ತುಪ್ಪ ತಿಂದರೆ ಮರಳುತ್ತದೆಯೇ?

ನಾನು ಕಲಬುರಗಿಯಲ್ಲಿ ಜೀವರಸಾಯನಶಾಸ್ತ್ರ ಕಲಿಸುವವನು, ವೈದ್ಯನಲ್ಲ. ಆದರೂ ಪರಿಚಯದವರ ಮನೆಯಲ್ಲಿ ಯಾರಿಗಾದರೂ ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಯ ನರತಂತುಗಳ ಪೊರೆ ಕಳಚುವ ರೋಗ) ಎಂದು ತಿಳಿದರೆ ಈ ಪ್ರಶ್ನೆ ನನ್ನ ಬಾಗಿಲಿಗೆ ಬರುತ್ತದೆ: "ಸರ್, ನರದ ಮೇಲಿನ ಕೊಬ್ಬು ಹೋಗಿದೆಯಂತೆ. ರೊಟ್ಟಿಗೆ ತುಪ್ಪ ಹೆಚ್ಚು ಹಾಕಿದರೆ ಮತ್ತೆ ಬರುತ್ತದೆಯೇ?"

ಬರುವುದಿಲ್ಲ. ಆದರೆ ಪ್ರಶ್ನೆ ದಡ್ಡತನದ್ದಲ್ಲ. ನರತಂತುವಿಗೆ ಸುತ್ತಿಕೊಂಡ ಮಯಲಿನ್ ಪೊರೆಯನ್ನು ಒಣಗಿಸಿ ತೂಗಿದರೆ ನೂರಕ್ಕೆ 70ರಿಂದ 80 ಪಾಲು ಕೊಬ್ಬೇ. ದೇಹದ ತೂಕದಲ್ಲಿ ನೂರಕ್ಕೆ 2ರಷ್ಟಿರುವ ಮಿದುಳು, ದೇಹದ ಕೊಲೆಸ್ಟ್ರಾಲ್‌ನಲ್ಲಿ ಸುಮಾರು ಕಾಲು ಪಾಲನ್ನು ಇಟ್ಟುಕೊಂಡಿದೆ; ಅದರಲ್ಲಿ ಹೆಚ್ಚಿನದು ಈ ಪೊರೆಯಲ್ಲಿದೆ.

ತೊಡಕಿರುವುದು ದಾರಿಯಲ್ಲಿ. ರಕ್ತದ ಕೊಲೆಸ್ಟ್ರಾಲ್ ಮಿದುಳಿನ ತಡೆಗೋಡೆಯನ್ನು ದಾಟುವುದಿಲ್ಲ. ಮಿದುಳು ತನ್ನದನ್ನು ತಾನೇ ತಯಾರಿಸಿಕೊಳ್ಳುತ್ತದೆ. ತಟ್ಟೆಯ ತುಪ್ಪ ಸೊಂಟ ಸೇರೀತು, ನರವನ್ನಲ್ಲ. "ಹಾಗಾದರೆ ಕುಸುಬೆ ಎಣ್ಣೆ?" ಎಂದು ಒಬ್ಬ ಅಜ್ಜಿ ಕೇಳಿದಾಗ ಮಾತ್ರ ತಡವರಿಸಿದೆ. ಅದರ ಲಿನೋಲಿಕ್ ಆಮ್ಲವನ್ನು ನಮ್ಮ ದೇಹ ತಯಾರಿಸಲಾರದು, ಊಟದಿಂದಲೇ ಬರಬೇಕು. ಇಂಥ ಕೆಲವು ಕೊಬ್ಬಿನಾಮ್ಲಗಳನ್ನು ಮಿದುಳು ಒಳಗೆ ಬಿಟ್ಟುಕೊಳ್ಳುತ್ತದೆ ಕೂಡ. ಆದರೆ ಶಹಾಬಾದ್ ಫರಸಿ ಕಲ್ಲನ್ನು ಲಾರಿಗಟ್ಟಲೆ ತಂದು ಸುರಿದರೂ ಗೌಂಡಿ ಬಾರದೆ ಮನೆಗೆ ನೆಲವಾಗುವುದಿಲ್ಲ.

ಇಲ್ಲಿ ಗೌಂಡಿ ಎಂದರೆ ಮಯಲಿನ್ ಪೊರೆ ಕಟ್ಟುವ ಆಲಿಗೋಡೆಂಡ್ರೋಸೈಟ್ ಎಂಬ ಕೋಶ. ದೇಹದ ರಕ್ಷಣಾಪಡೆಯೇ ದಾರಿತಪ್ಪಿ ಪೊರೆಯ ಮೇಲೆ ಎರಗಿದಾಗ ಆ ಕೋಶವೂ ಸಾಯುತ್ತದೆ. ಹೊಸ ಗೌಂಡಿ ಹುಟ್ಟಿದರೂ ಸಾಲದು, ಒಡೆದ ಹಳೆಯ ಫರಸಿಯನ್ನು ಎತ್ತಿ ಹಾಕಬೇಕು. ಮಿದುಳಿನ ಕಸ ಗುಡಿಸುವ ಮೈಕ್ರೋಗ್ಲಿಯಾ ಕೋಶಗಳು ಮಯಲಿನ್ ಚೂರುಗಳನ್ನು ನುಂಗಿ ಅದರ ಕೊಲೆಸ್ಟ್ರಾಲನ್ನು ಹೊರಹಾಕಬೇಕು. ಮುದಿ ಇಲಿಗಳಲ್ಲಿ ಅದು ಹೊರಹೋಗದೆ ಕೋಶದೊಳಗೇ ಹರಳುಗಟ್ಟುತ್ತದೆ, ದುರಸ್ತಿ ಕುಂಟುತ್ತದೆ. ನನಗೆ ಈ ರೋಗದ ರಸಾಯನದಲ್ಲಿ ಅತ್ಯಂತ ವಿಚಿತ್ರವೆನಿಸುವುದು ಇದೇ: ಗಾಯದ ಜಾಗದಲ್ಲಿ ಕೊಬ್ಬಿಗೆ ಬರವಿಲ್ಲ, ಅದು ವಿಲೇವಾರಿಯಾಗದೆ ಬಿದ್ದಿರಬಹುದು.

ಇಷ್ಟೆಲ್ಲ ಕೇಳಿಸಿಕೊಂಡು ಅಜ್ಜಿ, "ಮತ್ತೇನು ಮಾಡಬೇಕು?" ಎಂದರು. ಔಷಧ ನರರೋಗ ತಜ್ಞರ ಕೆಲಸ, ಅದನ್ನು ತಪ್ಪಿಸಬೇಡಿ ಎಂದೆ. ನಮ್ಮ ಊರಿನ ಮಟ್ಟಿಗೆ ಇನ್ನೊಂದು ಮಾತಿದೆ. ಪೊರೆ ಕಳಚಿದ ನರಕ್ಕೆ ಬಿಸಿ ಆಗದು. ಮೈಯ ಉಷ್ಣತೆ ಅರ್ಧ ಡಿಗ್ರಿ ಏರಿದರೂ ಕಣ್ಣು ಮಂಜಾಗಬಹುದು, ಕಾಲು ಸೋಲಬಹುದು. ಮೈ ದಣಿದಾಗ ಹೀಗೆ ಕಣ್ಣು ಮಂಜಾಗುವುದನ್ನು ಜರ್ಮನಿಯ ನೇತ್ರತಜ್ಞ ಊಟ್‌ಹಾಫ್ 1890ರಲ್ಲೇ ಬರೆದಿಟ್ಟರು. ಮೈ ತಣ್ಣಗಾದರೆ ಈ ತೊಂದರೆ ಸಾಮಾನ್ಯವಾಗಿ ಇಳಿಯುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ತುಪ್ಪಕ್ಕೆ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಕೂಲರ್ ತನ್ನಿ ಎಂದು ಹೇಳಿ ಕಳುಹಿಸಿದೆ.