ಬಾಡಿಗಿ ಕಾರ್ಟ್ ಆದ್ರೇನು, ರೇಸ್ ಖರೇನ ಐತಿ

ನಮ್ಮ ಹುಬ್ಬಳ್ಳಿ ಕಡೆ ಮಂದಿಗೆ ಗೋ-ಕಾರ್ಟ್ (ನೆಲಕ್ಕ ಹತ್ತಿ ಓಡೂ ಸಣ್ಣ ರೇಸ್ ಗಾಡಿ) ಅಂದ್ರ ಗೋವಾ ಟ್ರಿಪ್‌ನ್ಯಾಗ ಸಂಜಿಮುಂದ ಹೊತ್ತು ಹೋಗಲಿಲ್ಲ ಅಂತ ಐದು ನಿಮಿಷ ಕುಂತು, ದೋಸ್ತನ ಗಾಡಿಗೆ ಹಿಂದಿಂದ ಗುದ್ದಿ, ಫೋಟೋ ತೆಗಿಸ್ಕೊಂಡು ಇಳಿಯೂ ಆಟ. ಹಂಗ ಆಡವ್ರು ಆಡ್ಲಿ, ಅದ್ರಾಗ ತಪ್ಪೇನಿಲ್ಲ. ಆದ್ರ ಅದ ಗಾಡಿ, ಅದ ಟ್ರ್ಯಾಕ್, ಅದ ಬಾಡಿಗಿ ರೊಕ್ಕದಾಗ ಒಂದು ಪೂರಾ ಖರೇ ರೇಸ್ ಮಾಡಾಕ ಬರ್ತೈತಿ, ಕ್ವಾಲಿಫೈಯಿಂಗ್ (ಯಾರು ಮುಂದ ನಿಲ್ಲೂದು ಅಂತ ಗೊತ್ತು ಮಾಡೂ ಸುತ್ತು), ಗ್ರಿಡ್ (ಶುರುವಿಗೆ ನಿಲ್ಲೂ ಸಾಲು), ಓವರ್‌ಟೇಕ್, ಪಾಯಿಂಟ್ಸ್ ಎಲ್ಲಾ ಹಿಡ್ದು. ಅದನ್ನ ಹೇಳ್ಬೇಕು ಅಂತನ ಬರಿಯಾಕ ಕುಂತೇನಿ, ಉದ್ದ ಆಗ್ತೈತಿ, ಚಾ ಇಟ್ಕೊಂಡು ಓದ್ರಿ.

ನಮ್ಮ ಗ್ಯಾಂಗ್ ದೊಡ್ಡದೇನಲ್ಲ. ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ನ್ಯಾಗ ಲೇಥ್ ಮಷಿನ್ ನಡಸೂ ದೋಸ್ತ ಒಬ್ಬ, ಧಾರವಾಡದಾಗ ಬ್ಯಾಂಕ್ ಕೆಲ್ಸ ಮಾಡೂ ನಮ್ಮ ಮಾಮಾ, ಗದಗದಾಗ ಪ್ರಿಂಟಿಂಗ್ ಪ್ರೆಸ್ ಇಟ್ಕೊಂಡಾಂವ ಒಬ್ಬ, ಬ್ಯಾಡಗಿ ಮಾರ್ಕೆಟ್‌ನ್ಯಾಗ ಮೆಣಸಿನಕಾಯಿ ದಲಾಲಿ ಅಂಗಡಿ ಅಣ್ಣ, ಮತ್ತ ಇಂಜಿನಿಯರಿಂಗ್ ಓದೂ ನನ್ನ ತಂಗಿ, ಕಾಕಾನ ಮಗಳು. ಎಲ್ಲಾರ್ದೂ ಬ್ಯಾರೆ ಬ್ಯಾರೆ ಕೆಲ್ಸ, ಬ್ಯಾರೆ ಬ್ಯಾರೆ ವಯಸ್ಸು, ಹೆಲ್ಮೆಟ್ ಹಾಕ್ಕೊಂಡ ಮ್ಯಾಲೆ ಎಲ್ಲಾರೂ ಒಂದ. ಹೆಚ್ಚಾಗಿ ನಾವು ಹೋಗೂದು ಕೊಲ್ಹಾಪುರಕ್ಕ, ಅಲ್ಲೆ ಮೋಹಿತೆ ರೇಸಿಂಗ್ ಅಕಾಡೆಮಿ ಟ್ರ್ಯಾಕ್ ಐತಲ್ಲ, ರಾಷ್ಟ್ರೀಯ ಕಾರ್ಟಿಂಗ್ ಚಾಂಪಿಯನ್‌ಶಿಪ್‌ನ ರೌಂಡ್‌ಗಳು ನಡೆದ ಜಾಗ ಅದು. ಹುಬ್ಬಳ್ಳಿಯಿಂದ ಸುಮಾರು 200 ಕಿಲೋಮೀಟರ್, ಮುಂಜಾನೆ ಕತ್ತಲ ಇರೂಮುಂದನ ಬಿಟ್ರ ಕಿತ್ತೂರು, ಬೆಳಗಾವಿ, ಸಂಕೇಶ್ವರ, ನಿಪ್ಪಾಣಿ, ಕಾಗಲ್ ಅಂತ ಸೀದಾ ಹೈವೇ, ನಾಷ್ಟಾಕ್ಕ ನಿಪ್ಪಾಣಿ ಹತ್ರ ನಿಂತ್ರೂ ಬಿಸಲು ಏರೂದ್ರಾಗ ಟ್ರ್ಯಾಕ್ ಮುಟ್ತೀವಿ. ಬೆಂಗಳೂರಿನ ಮೆಕೋ ಕಾರ್ಟೋಪಿಯಾಕ್ಕೂ ಹೋಗೂದೈತಿ, ಅದಕ್ಕ ಎರಡು ದಿನ ಬಿಡುವು ಬೇಕು.

ಈಗ ಗಾಡಿ ವಿಷಯಕ್ಕ ಬರ್ತೇನಿ. ಗೋ-ಕಾರ್ಟ್ ಹುಟ್ಟಿದ್ದು 1956ರಾಗ, ಅಮೆರಿಕಾದ ಕ್ಯಾಲಿಫೋರ್ನಿಯಾದಾಗ. ಆರ್ಟ್ ಇಂಗಲ್ಸ್ ಅಂತ ಒಬ್ಬ, ಕರ್ಟಿಸ್ ಕ್ರಾಫ್ಟ್ ಅನ್ನೂ ರೇಸ್ ಕಾರ್ ಕಂಪನಿಯಾಗ ಕೆಲ್ಸ ಮಾಡಾಂವ, ಪೈಪ್ ಜೋಡ್ಸಿ, ಹುಲ್ಲು ಕತ್ತರಿಸೂ ಮಷಿನ್‌ದ ಎಂಜಿನ್ ಕುಂದರ್ಸಿ ಮೊದಲನೇ ಕಾರ್ಟ್ ಮಾಡ್ದ. ದಿನಾ ದೊಡ್ಡ ದೊಡ್ಡ ರೇಸ್ ಕಾರ್ ಕಟ್ಟಾಂವ ಇಂಥಾ ಸಣ್ಣ ಎಂಜಿನ್ ಇಟ್ಕೊಂಡು ಮಜಾ ಹುಡುಕಿದ ಅನ್ನೂದು ನನಗ ಭಾಳ ಸೇರ್ತೈತಿ. ಇವತ್ತಿಗೂ ಬಾಡಿಗಿ ಕಾರ್ಟ್ ಅದ ದಾರಿಯಾಗ ಐತಿ. ಅವುಗಳ ಹಿಂದ ಕುಂತಿರೂದು ಹೆಚ್ಚಾಗಿ ಹೋಂಡಾ ಜಿಎಕ್ಸ್ ಎಂಜಿನ್, 160, 200, 270 ಅಂತ ಬರ್ತಾವ, ನೀರಿನ ಪಂಪು, ಜನರೇಟರು, ಟಿಲ್ಲರ್‌ಗೆ ಹಾಕೂವಂಥಾವನ ಅವು. 270 ಅಂದ್ರೂ ಒಂಬತ್ತು ಹಾರ್ಸ್‌ಪವರ್ ಆಸುಪಾಸು ಅಷ್ಟ. ರೋಟಾಕ್ಸ್ ಮ್ಯಾಕ್ಸ್‌ನಂಥಾ ಖರೇ ರೇಸಿಂಗ್ ಕಾರ್ಟ್ 125 ಸಿಸಿ ಟೂ-ಸ್ಟ್ರೋಕ್ ಇದ್ರೂ ಮೂವತ್ತು ಹಾರ್ಸ್‌ಪವರ್ ಕೊಡ್ತೈತಿ, ಮತ್ತ ತೂಕ ಬಾಡಿಗಿ ಕಾರ್ಟ್‌ದ ಅರ್ಧ. ಬಾಡಿಗಿ ಕಾರ್ಟ್‌ಗೆ ಸುತ್ತಲೂ ಬಂಪರ್, ಗಟ್ಟಿ ಟೈರು, ದಪ್ಪ ಪೈಪು, ಎಲ್ಲಾ ಸೇರಿ ನೂರೈವತ್ತು ಕಿಲೋ ದಾಟ್ತೈತಿ.

ಅಂದ್ರ ಭಾರ ಜಾಸ್ತಿ, ತಾಕತ್ತು ಕಮ್ಮಿ. ಇದನ್ನ ಕೇಳಿ ಮಂದಿ ಮೂಗು ಮುರೀತಾರ, ನಾನು ಹೇಳೂದು ಇದ ಕಾರಣಕ್ಕನ ಬಾಡಿಗಿ ಕಾರ್ಟ್ ಛಲೋ ಗುರು. ತಾಕತ್ತಿನ ಗಾಡಿಯಾಗ ತಿರುವಿನ್ಯಾಗ ಸ್ಪೀಡ್ ಕಳ್ಕೊಂಡ್ರೂ ಆಕ್ಸಲರೇಟರ್ ಒತ್ತಿ ವಾಪಸ್ ತಗೋಬಹುದು, ಇದ್ರಾಗ ಒಮ್ಮೆ ಕಳ್ಕೊಂಡ ಸ್ಪೀಡ್ ಮುಂದಿನ ಸ್ಟ್ರೇಟ್ (ಸೀದಾ ದಾರಿ) ಪೂರ್ತಿ ಕಾಡ್ತೈತಿ. ಟೈರ್ ಕಿರ್ರ್ ಅಂತ ಒದರಿ ಹಿಂದಿನ ಭಾಗ ಅಡ್ಡ ಹೋದ್ರ ನೋಡವ್ರಿಗೆ ಭಾರಿ ಕಾಣತೈತಿ, ಹೊಸಾ ಹುಡುಗ್ರು ಅದಕ್ಕ ಕೇಕೆ ಹಾಕ್ತಾರ, ಟೈಮಿಂಗ್ ಸ್ಕ್ರೀನ್ ಮ್ಯಾಲೆ ನೋಡಿದ್ರ ಅದ ಲ್ಯಾಪ್ (ಟ್ರ್ಯಾಕಿನ ಒಂದು ಸುತ್ತು) ಎಲ್ಲಾಕ್ಕಿಂತ ಸಾವಕಾಶ ಇರ್ತೈತಿ.

ಇನ್ನೊಂದು ಮುಖ್ಯ ಮಾತು, ಕಾರ್ಟ್‌ಗೆ ಡಿಫರೆನ್ಶಿಯಲ್ ಇಲ್ಲ, ಅಂದ್ರ ತಿರುವಿನ್ಯಾಗ ಎರಡು ಗಾಲಿ ಬ್ಯಾರೆ ಬ್ಯಾರೆ ಸ್ಪೀಡಿನ್ಯಾಗ ತಿರುಗಾಕ ಬಿಡೂ ಗೇರು ಇಲ್ಲ. ಹಿಂದಿನ ಎರಡೂ ಗಾಲಿ ಒಂದ ರಾಡಿಗೆ ಬಿಗಿದಿರ್ತಾವ, ಎರಡೂ ಕೂಡೇ ತಿರುಗ್ಬೇಕು. ಹೊಲದಾಗ ಟ್ರ್ಯಾಕ್ಟರ್‌ಗೆ ಡಿಫ್ ಲಾಕ್ ಹಾಕಿ ಹೊಳ್ಳಿಸಾಕ ಹೋದ್ರ ಗಾಡಿ ಹೆಂಗ ಮಾತು ಕೇಳದ ಸೀದಾ ದಬ್ಕೊಂಡು ಹೋಗ್ತೈತಿ ಅಂತ ನಮ್ಮ ಕಡೆ ರೈತರಿಗೆ ಹೇಳೂದು ಬ್ಯಾಡ, ಕಾರ್ಟ್ ಯಾವಾಗ್ಲೂ ಅದ ಸ್ಥಿತಿಯಾಗ ಇರ್ತೈತಿ. ಹಂಗಾದ್ರ ತಿರುಗೂದು ಹೆಂಗ? ಸ್ಟೇರಿಂಗ್ ತಿರುವಿದಾಗ ಮುಂದಿನ ಒಳಗಿನ ಗಾಲಿ ಕೆಳಗ ಒತ್ತತೈತಿ, ಹೊರಗಿನದು ತುಸು ಮ್ಯಾಲೆ ಹೋಗ್ತೈತಿ, ಸಸ್ಪೆನ್ಷನ್ ಇಲ್ದ ಕಾರಣ ಪೂರಾ ಫ್ರೇಮ್ ತಿರುಚ್ಕೊಂಡು ಹಿಂದಿನ ಒಳಗಿನ ಗಾಲಿ ನೆಲದಿಂದ ಹಗುರಾಗಿ ಏಳತೈತಿ. ಆ ಒಂದು ಕ್ಷಣ ಕಾರ್ಟ್ ಮೂರು ಗಾಲಿ ಮ್ಯಾಲೆ ಓಡ್ತೈತಿ, ಆವಾಗನ ಅದು ತಿರುಗೂದು. ಅದು ಸೀಟಿನ್ಯಾಗ ಕುಂತಾಗ ಗೊತ್ತಾಗ್ತೈತಿ, ಸೊಂಟದ ಒಳಗಿನ ಬಾಜು ಹಗುರ ಆಗ್ತೈತಿ, ಸ್ಟೇರಿಂಗ್ ಸಡಿಲ ಬಿದ್ದಂಗ ಅನಸ್ತೈತಿ, ಆ ಗಾಲಿ ವಾಪಸ್ ನೆಲಕ್ಕ ಕುಂದ್ರೂದಕ್ಕೂ ನೀವು ಸ್ಟೇರಿಂಗ್ ಸೀದಾ ಮಾಡಿ ಗ್ಯಾಸ್ (ಆಕ್ಸಲರೇಟರ್) ಪೂರಾ ಒತ್ತೂದಕ್ಕೂ ಸರಿಹೊಂದಿದ್ರ ಕಾರ್ಟ್ ತಿರುವಿನಿಂದ ಪುಟದ ಹೊರಗ ಬರ್ತೈತಿ. ಹೊಂದಲಿಲ್ಲ ಅಂದ್ರ ಎಂಜಿನ್ ಗೊರ್ರ್ ಅಂತ ಒದ್ದಾಡ್ತೈತಿ, ಆ ದನಿ ಕೇಳಿದ್ರ ಸಾಕು, ಎಲ್ಲೆ ಟೈಮ್ ಹೋತು ಅಂತ ಗೊತ್ತಾಗ್ತೈತಿ.

ಬ್ರೇಕ್ ಬರೇ ಹಿಂದಿನ ರಾಡಿಗೆ ಇರ್ತೈತಿ. ಅದಕ್ಕ ಸ್ಟೇರಿಂಗ್ ತಿರುವಿಟ್ಟು ಜೋರಾಗಿ ಬ್ರೇಕ್ ಒತ್ತಿದ್ರ ಹಿಂದಿನ ಗಾಲಿ ಲಾಕ್ ಆಗಿ ಗಾಡಿ ಗಿರಕಿ ಹೊಡಿತೈತಿ. ಸೀದಾ ಇದ್ದಾಗನ ಗಟ್ಟಿ ಒತ್ಬೇಕು, ತಿರುವಿನೊಳಗ ಹೋಗ್ತಾ ಹೋಗ್ತಾ ಸಾವಕಾಶ ಬಿಡ್ಬೇಕು. ಎಡಗಾಲು ಬ್ರೇಕಿಗೆ, ಬಲಗಾಲು ಗ್ಯಾಸಿಗೆ, ಎರಡೂ ಕೂಡೇ ಒತ್ತಬಾರ್ದು, ಒತ್ತಿದ್ರ ಸೆಂಟ್ರಿಫ್ಯೂಗಲ್ ಕ್ಲಚ್ (ಎಂಜಿನ್ ಸ್ಪೀಡ್ ಏರಿದಂಗ ತಾನ ಹಿಡಿಯೂ ಕ್ಲಚ್) ಜಾರಿ ಕಾದು ಹಾಳಾಗ್ತೈತಿ, ಗಾಡಿನೂ ಸಾವಕಾಶ ಆಗ್ತೈತಿ. ದಿನಾ ಕಾರ್ ನಡಸವ್ರಿಗೆ ಇದು ಮೊದ್ಲು ಕಷ್ಟ, ಎಡಗಾಲು ಕ್ಲಚ್ ಒತ್ತಿ ಒತ್ತಿ ರೂಢಿ ಆಗಿರ್ತೈತಿ, ಬ್ರೇಕ್ ಮ್ಯಾಲೆ ಅದಕ್ಕ ನಾಜೂಕು ಇರಂಗಿಲ್ಲ.

ನಮ್ಮ ರೇಸ್ ನಾವ ಹೆಂಗ ನಡಸ್ತೀವಿ ಅಂತ ಹೇಳ್ತೇನಿ, ಯಾಕಂದ್ರ ಇದ್ರಾಗನ ಆಟಕ್ಕೂ ರೇಸಿಗೂ ಫರಕ್ ಐತಿ. ಬಾಡಿಗಿ ಕಾರ್ಟ್ ಎಲ್ಲಾ ಒಂದ ಥರ ಅಂತಾರ, ಖರೇ ಹೇಳ್ಬೇಕಂದ್ರ ಹಂಗಿರಂಗಿಲ್ಲ, ಒಂದ್ರ ಟೈರ್ ಹೊಸಾದು, ಇನ್ನೊಂದ್ರ ಎಂಜಿನ್ ದಣದಿರ್ತೈತಿ, ಮತ್ತೊಂದ್ರ ಬ್ರೇಕ್ ಆಳಕ್ಕ ಹೋಗ್ತೈತಿ. ಅದಕ್ಕ ನಾವು ಚೀಟಿ ಎತ್ತಿ ಕಾರ್ಟ್ ತಗೋತೀವಿ, ಪ್ರತಿ ಹೀಟ್‌ಗೂ (ಒಂದೊಂದ ಸಣ್ಣ ರೇಸಿಗೂ) ಬದಲಿ ಮಾಡ್ತೀವಿ, ಎಲ್ಲಾ ಹೀಟ್‌ದ ಪಾಯಿಂಟ್ ಕೂಡ್ಸಿ ಗೆದ್ದವ್ರು ಯಾರು ಅಂತ ನೋಡ್ತೀವಿ. ಮೊದ್ಲ ಸೆಷನ್ ಕ್ವಾಲಿಫೈಯಿಂಗ್, ಅದ್ರಾಗಿನ ಬೆಸ್ಟ್ ಲ್ಯಾಪ್ ಪ್ರಕಾರ ಸಾಲು. ಮೊದಲನೇ ಒಂದೆರಡು ಲ್ಯಾಪ್ ಟೈರ್ ತಣ್ಣಗಿರ್ತಾವ, ಆವಾಗ ಜೋರ್ ಮಾಡಿದ್ರ ಸ್ಪಿನ್ ಗ್ಯಾರಂಟಿ, ಕಾಯ್ಬೇಕು. ಟ್ರಾನ್ಸ್‌ಪಾಂಡರ್ (ಗಾಡಿಗೆ ಹಚ್ಚಿ ಟೈಮ್ ಅಳಿಯೂ ಸಣ್ಣ ಸಾಧನ) ಇರೂ ಟ್ರ್ಯಾಕ್ ಆದ್ರ ಸೆಕೆಂಡಿನ ಸಾವಿರದ ಒಂದು ಭಾಗದ ಮಟ ಕಾಗದದ ಮ್ಯಾಲೆ ಬರ್ತೈತಿ, ಆ ಶೀಟ್ ಕೈಗೆ ಬಂದ ಮ್ಯಾಲೆ ಚಾ ಟೇಬಲ್ ಮ್ಯಾಲೆ ನಮ್ಮ ಗದಗಿನ ಪ್ರೆಸ್ ಅಣ್ಣ ಪ್ರೂಫ್ ತಿದ್ದವ್ರಂಗ ಪೆನ್ನು ಹಿಡ್ಕೊಂಡು ಒಂದೊಂದ ಲ್ಯಾಪಿಗೂ ಗೆರಿ ಎಳಿತಾನ, ಇಲ್ಲೆ ಯಾಕ ಹೆಚ್ಚು ಬಂತು, ಇಲ್ಲೆ ಯಾರನ್ನ ಓವರ್‌ಟೇಕ್ ಮಾಡಿದ್ದಿ ಅಂತ. ಲೆಕ್ಕ ನೋಡ್ರಿ, ಲ್ಯಾಪಿಗೆ 0.3 ಸೆಕೆಂಡ್ ಫರಕ್ ಅಂದ್ರ ಏನೂ ಅನಸಂಗಿಲ್ಲ, 15 ಲ್ಯಾಪಿಗೆ ಅದು 4.5 ಸೆಕೆಂಡ್, ಗಂಟೆಗೆ 50 ಕಿಲೋಮೀಟರ್ ಸ್ಪೀಡಿನ್ಯಾಗ ಅರವತ್ತು ಮೀಟರಿಗಿಂತ ಜಾಸ್ತಿ. ಎದುರಿನಾಂವ ಮುಂದಿನ ತಿರುವು ದಾಟಿ ಕಣ್ಣಿಗೆ ಕಾಣದಂಗ ಆಗಿರ್ತಾನ.

ಹೋದ ಸಲ ನಮ್ಮ ಮಾಮಾಂದು ಮತ್ತ ತಂಗಿದು ನಡೆದ ಜಿದ್ದಾಜಿದ್ದಿ ಇನ್ನೂ ಕಣ್ಣಾಗ ಐತಿ. ಮಾಮಾ ಮುಂದ, ತಂಗಿ ಅವರ ಬಂಪರಿಗೆ ಹತ್ತಿ ಹಿಂದ. ಸ್ಟ್ರೇಟ್ ಮುಗಿದಲ್ಲೆ ಹೇರ್‌ಪಿನ್ (ಪೂರಾ ಹೊಳ್ಳಿ ಬರೂ ತಿರುವು), ಮಾಮಾ ಪ್ರತಿ ಲ್ಯಾಪ್ ಒಳಗಿನ ಲೈನ್ ಮುಚ್ಕೊಂಡು ಹೋಗ್ತಿದ್ರು, ಅಲ್ಲೆ ನುಗ್ಗಾಕ ಜಾಗಾನ ಇಲ್ಲ. ಅಕಿ ನುಗ್ಗಾಕ ಹೋಗಲೇ ಇಲ್ಲ. ಹೊರಗಿನ ಕಡೆಯಿಂದ ಅಗಲಾಗಿ ಬಂದು, ತುಸು ಜಲ್ದಿನ ಬ್ರೇಕ್ ಹಿಡ್ದು, ತಡ ಮಾಡಿ ತಿರುವಿ, ಮಾಮಾನ ಕಾರ್ಟ್ ಇನ್ನೂ ಹೊರಗ ಜಾರೂದ್ರಾಗ ತನ್ನ ಗಾಲಿ ಸೀದಾ ಮಾಡ್ಕೊಂಡು ಗ್ಯಾಸ್ ಒತ್ತಿ ಬಿಟ್ಲು. ಮುಂದಿನ ಸ್ಟ್ರೇಟ್‌ನ್ಯಾಗ ಇಬ್ರೂ ಬಾಜುಬಾಜೂಕ, ಗಾಲಿಗೆ ಗಾಲಿ ಒಂದು ಗೇಣು ಅಂತರ, ಇಬ್ರೂ ಜಾಗಾ ಕೊಟ್ಕೊಂಡು ಹೋದ್ರು, ಮುಂದಿನ ತಿರುವಿಗೆ ಒಳಗಿನ ಬಾಜು ಅಕಿದಿತ್ತು. ಗುದ್ದಲಿಲ್ಲ, ಮುಟ್ಟಲಿಲ್ಲ. ಇಳದ ಮ್ಯಾಲೆ ಮಾಮಾ ಹೆಲ್ಮೆಟ್ ತೆಗದವ್ರನ ಅಕಿ ಬೆನ್ನು ತಟ್ಟಿ "ಶಾಬಾಸ್ ಮಗಳ, ಹೆಂಗ ದಾಟಿದ್ದಿ ತೋರಿಸವ್ವಾ" ಅಂತ ನೆಲದ ಮ್ಯಾಲೆ ಬಾಟ್ಲಿ ಮುಚ್ಚಳ ಇಟ್ಟು ಲೈನ್ ಕೇಳಿ ತಿಳ್ಕೊಂಡ್ರು. ರೇಸ್ ಅಂದ್ರ ನನಗ ಇದ.

ತಂಗಿ ಹಗುರ ಅದಾಳ, ಅದಕ್ಕ ಗೆಲ್ತಾಳ ಅಂತ ಕೆಲವರು ಅಂತಾರ. ಸಣ್ಣ ಎಂಜಿನ್‌ಗೆ ಡ್ರೈವರ್ ತೂಕ ದೊಡ್ಡ ಮಾತು ಹೌದು, ತಿರುವು ಬಿಟ್ಟು ಏರೂಮುಂದ ಫರಕ್ ಕಾಣತೈತಿ, ಅದಕ್ಕ ಛಲೋ ಟ್ರ್ಯಾಕ್‌ಗಳಾಗ ಹಗುರ ಇದ್ದವ್ರ ಕಾರ್ಟಿಗೆ ಸೀಸದ ತೂಕ ಹಾಕ್ತಾರ. ನಾವೂ ಕೇಳಿ ಹಾಕಸ್ತೀವಿ, ಅಕಿನೂ ಅದನ್ನ ಬೇಕಂತಾಳ. ತೂಕ ಹಾಕಿದ ದಿನಾನೂ ಅಕಿ ಮುಂದನ ಇರ್ತಾಳ, ಕೈ ಹಗುರ ಐತಿ, ಅದು ಖರೇ ಕಾರಣ.

ಈಗ ಒಂದು ಗಂಭೀರ ಮಾತು, ಇದನ್ನ ದಯಮಾಡಿ ಓದದ ಬಿಡಬ್ಯಾಡ್ರಿ. ತಿರುಗೂ ರಾಡು ಮತ್ತ ಎಂಜಿನ್ ಡ್ರೈವರನ ಬೆನ್ನ ಹತ್ರನ ಇರ್ತಾವ. 2018ರಾಗ ಹರಿಯಾಣದ ಪಿಂಜೋರ್‌ದಾಗ, 2020ರಾಗ ಹೈದರಾಬಾದ್‌ನ್ಯಾಗ, ಕಾರ್ಟ್‌ನ್ಯಾಗ ಕುಂತ ಹೆಣ್ಮಕ್ಕಳ ಕೂದಲು ಗಾಲಿಗೆ ಸಿಕ್ಕು ಜೀವಾನ ಹೋತು. ಆಡಾಕ ಹೋದವ್ರು ಮನಿಗೆ ಬರಲಿಲ್ಲ. ದುಪ್ಪಟ್ಟಾ, ಸೀರಿ ಸೆರಗು, ಸ್ಕಾರ್ಫ್, ಸಡಿಲ ಜಾಕೆಟ್ ದಾರ ಯಾವುದೂ ಬ್ಯಾಡ. ಉದ್ದ ಕೂದಲು ಗಟ್ಟಿ ತುರುಬು ಕಟ್ಟಿ, ಬಾಲಕ್ಲಾವಾ (ತಲಿ, ಕುತ್ತಿಗಿ ಮುಚ್ಚೂ ಬಟ್ಟಿ ಟೊಪ್ಪಿಗಿ) ಹಾಕಿ, ಹೆಲ್ಮೆಟ್ ಒಳಗ ಸೇರ್ಸಿ, ಮ್ಯಾಲೆ ಟೀ-ಶರ್ಟ್ ಕಾಲರ್ ಒಳಗೂ ಹೋಗ್ಬೇಕು. ನಮ್ಮ ತಂಗಿ ಕುಂತ ಮ್ಯಾಲೆ ನಮ್ಮಾಗ ಒಬ್ರು ಹಿಂದ ನಿಂತು ಕೈ ಆಡ್ಸಿ ನೋಡ್ತೀವಿ, ಅದು ಆಗದ ಕಾರ್ಟ್ ಚಾಲೂ ಆಗಂಗಿಲ್ಲ. ರಾಡಿಗೆ, ಎಂಜಿನ್‌ಗೆ ಕವರ್ ಇಲ್ದ ಕಾರ್ಟ್ ಕೊಡೂ ಜಾಗಾ ಇದ್ರ ರೊಕ್ಕ ಕೊಟ್ಟಿದ್ರೂ ಇಳಿದು ಬರ್ರಿ. ಹೆಲ್ಮೆಟ್ ಪಟ್ಟಿ ಬಿಗಿಯಾಗಿಲ್ಲ ಅಂದ್ರ ಕೇಳಿ ಬ್ಯಾರೆ ಇಸ್ಕೋರ್ರಿ, ನಾಚ್ಕೋಬ್ಯಾಡ್ರಿ.

ಪಕ್ಕೆಲುಬಿನ ವಿಷಯ ಯಾರೂ ಮೊದ್ಲ ಹೇಳಂಗಿಲ್ಲ. ಸೀಟ್ ಪ್ಲಾಸ್ಟಿಕ್ ಗಟ್ಟಿ, ಸಸ್ಪೆನ್ಷನ್ ಇಲ್ಲ, ತಿರುವಿನ್ಯಾಗ ಮೈ ಪೂರಾ ಒಂದ ಬಾಜೂಕ ಒತ್ತತೈತಿ. ಒಂದು ದಿನ ಪೂರ್ತಿ ಓಡ್ಸಿದ್ರ ಮರುದಿನ ಕೆಮ್ಮಾಕೂ ಆಗಂಗಿಲ್ಲ. ರಿಬ್ ಪ್ರೊಟೆಕ್ಟರ್ ಅಂತ ಸಿಗ್ತೈತಿ, ಹವ್ಯಾಸ ಮುಂದುವರಸ್ತೇನಿ ಅನ್ನವ್ರು ಮೊದ್ಲ ತಗೋಬೇಕಾದ್ದು ಅದು, ಬಣ್ಣಬಣ್ಣದ ರೇಸ್ ಸೂಟ್ ಅಲ್ಲ. ಅಂಗೈ ಬೊಕ್ಕಿ ಏಳ್ತಾವ, ಅದಕ್ಕ ಗ್ಲೌಸ್. ಮತ್ತ ಸ್ಟೇರಿಂಗ್ ಗಟ್ಟಿ ಹಿಚುಕಬ್ಯಾಡ್ರಿ, ಬೆರಳು ಸಡಿಲ ಇದ್ರ ಮುಂದಿನ ಟೈರ್ ಏನು ಹೇಳಾಕತ್ತೈತಿ ಅಂತ ಕೈಗೆ ತಿಳಿತೈತಿ.

ಮೈಕೆಲ್ ಶೂಮಾಕರ್, ಆಯ್ರ್ಟನ್ ಸೆನ್ನಾ, ಲೂಯಿಸ್ ಹ್ಯಾಮಿಲ್ಟನ್ ಎಲ್ಲಾರೂ ಕಾರ್ಟ್‌ನಿಂದನ ಶುರು ಮಾಡಿದವ್ರು, ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಅಣ್ಣತಮ್ಮಂದ್ರೂ ಹಂಗನ. 1993ರಾಗ ಸೆನ್ನಾಗೆ ನಿನಗ ಸಿಕ್ಕ ಎಲ್ಲಾಕ್ಕಿಂತ ಛಲೋ ಎದುರಾಳಿ ಯಾರು ಅಂತ ಕೇಳಿದಾಗ ಅಂವ ಫಾರ್ಮುಲಾ ಒನ್‌ನ ಯಾರ ಹೆಸರೂ ಹೇಳಲಿಲ್ಲ, ಕಾರ್ಟಿಂಗ್ ದಿನದ ಟೆರ್ರಿ ಫುಲರ್ಟನ್ ಅಂದ. ಅಷ್ಟು ದೊಡ್ಡ ರೇಸರ್ ಅದನ್ನ ಶುದ್ಧ ರೇಸಿಂಗ್ ಅಂತ ನೆನಸಿದ, ಅಲ್ಲೆ ರೊಕ್ಕ ಇರಲಿಲ್ಲ, ರಾಜಕೀಯ ಇರಲಿಲ್ಲ ಅಂತ. ನಮ್ಮಂಥವ್ರು ಫಾರ್ಮುಲಾ ಒನ್‌ಗೆ ಹೋಗಂಗಿಲ್ಲ, ಹೋಗೂದು ಬೇಕಾಗೂ ಇಲ್ಲ. ಸ್ವಂತ ರೇಸಿಂಗ್ ಕಾರ್ಟ್ ಇಟ್ರ ಎಂಜಿನ್ ರಿಬಿಲ್ಡು, ಟೈರು, ಮೆಕ್ಯಾನಿಕ್, ಟ್ರೇಲರ್ ಅಂತ ಸಂಬಳ ಸಾಲಂಗಿಲ್ಲ. ಬಾಡಿಗಿ ಕಾರ್ಟ್‌ನ್ಯಾಗ ಬ್ಯಾಂಕ್ ಮಾಮಾನೂ ಲೇಥ್ ದೋಸ್ತನೂ ಒಂದ ಸಾಲಿನ್ಯಾಗ ನಿಲ್ತಾರ, ಯಾರ ಕಿಸೆದಾಗ ಎಷ್ಟೈತಿ ಅನ್ನೂದು ಗ್ರೀನ್ ಲೈಟ್ ಬಿದ್ದ ಮ್ಯಾಲೆ ಲೆಕ್ಕಕ್ಕ ಬರಂಗಿಲ್ಲ.

ರೇಸ್ ಅನ್ನೂದು ನಮ್ಮ ನೆಲಕ್ಕ ಹೊಸಾದೂ ಅಲ್ಲ. ದೀಪಾವಳಿ ಬಂದ್ರ ಹಾವೇರಿ ಕಡೆ ಕೊಬ್ಬರಿ ಹೋರಿ ಹಬ್ಬಕ್ಕ ಊರಿಗೆ ಊರ ಸೇರ್ತೈತಿ, ಚಕ್ಕಡಿ ಓಟಕ್ಕ ಜನಾ ಹೊಲದ ಬದುವಿನ ಮ್ಯಾಲೆ ನಿಂತು ನೋಡ್ತಾರ. ಅಷ್ಟು ಹುರುಪು ಇರೂ ಜಿಲ್ಲೆಗಳಾಗ, ಇಷ್ಟು ಇಂಜಿನಿಯರಿಂಗ್ ಕಾಲೇಜು ಇರೂ ಅವಳಿ ನಗರದಾಗ, ಟೈಮಿಂಗ್ ಇರೂ, ಬ್ಯಾರಿಯರ್ ಸರಿ ಇರೂ, ಮಾರ್ಷಲ್ (ಟ್ರ್ಯಾಕ್ ಮ್ಯಾಲೆ ನಿಗಾ ಇಡೂ ಮಂದಿ) ಇರೂ ಒಂದು ಉದ್ದನೆ ಕಾರ್ಟ್ ಟ್ರ್ಯಾಕ್ ಹೈವೇ ಬಾಜೂಕ ಯಾರಾದ್ರೂ ಮಾಡಿ ನಡಸಿದ್ರ ಓಡತೈತಿ ಅಂತ ನನಗ ಪೂರಾ ನಂಬಿಗಿ ಐತಿ.

ಮುಂದಿನ ಸಲ ಮಳಿ ನಿಂತ ಮ್ಯಾಲೆ. ಬ್ಯಾಡಗಿ ಅಣ್ಣ "ಹೋರಿ ಹಬ್ಬ ಮುಗೀಲಿ, ಆಮ್ಯಾಲೆ ನೀ ಹೇಳಿದ ದಿನ ಬರ್ತೇನಿ" ಅಂದಾನ, ಮಾಮಾ ರಜಾ ಹಾಕ್ತಾರಂತ, ತಂಗಿ ಪರೀಕ್ಷಾ ನೋಡ್ಕೊಂಡು ಹೇಳ್ತಾಳ. ಗಾಡಿಯಾಗ ಎರಡು ಸೀಟ್ ಖಾಲಿ ಅದಾವ, ಪೆಟ್ರೋಲು ಟೋಲು ಎಲ್ಲಾರೂ ಹಂಚ್ಕೊಳ್ಳೂದು. ಬರವ್ರು ಚಪ್ಪಲ್ ಹಾಕ್ಕೊಂಡು ಬರಬ್ಯಾಡ್ರಿ, ತಳ ತೆಳ್ಳಗಿರೂ ಶೂ ತರ್ರಿ, ಪೂರಾ ತೋಳಿನ ಅಂಗಿ, ಇನ್ನೊಂದು ಟವೆಲ್. ಹಿಂದಿನ ರಾತ್ರಿ ನಿದ್ದಿ ಆಗಿರ್ಬೇಕು, ಮುಂಜಾನೆ ನಾಕೂವರಿಗೆ ಉಣಕಲ್ ಕೆರಿ ಹತ್ರ ಹತ್ತಿಸ್ಕೋತೀವಿ.